ಅರವತ್ತಾರು ಅಂಕಗಳ ಪರೀಕ್ಷೆ



ವೃತ್ತಿಜೀವನದುದ್ದಕ್ಕೂ ಅಂಕ ನೀಡಿದವನಿಗೆ ಅಂಕದ ಶಕ್ತಿಯೂ ಗೊತ್ತು, ಅದರ ಮಿತಿಯೂ ಗೊತ್ತು. ಆ ಸಲಿಗೆಯಿಂದಲೇ ಇಂದು ಒಂದು ಅಪರೂಪದ ಪರೀಕ್ಷೆಯ ಕುರಿತು ಬರೆಯುತ್ತಿದ್ದೇನೆ.

ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಒಂದು ಆನುವಂಶಿಕ ಕಾಯಿಲೆ. ಐದನೆಯ ವರ್ಣತಂತುವಿನಲ್ಲಿರುವ ಎಸ್‌ಎಂಎನ್‌1 ಎಂಬ ಜೀನಿನ ದೋಷದಿಂದ ಬೆನ್ನುಹುರಿಯ ಚಾಲಕ ನರಕೋಶಗಳು ನಶಿಸುತ್ತ ಹೋಗಿ, ಸ್ನಾಯುಗಳು ಸೊರಗುತ್ತವೆ. ಇಂಥವರ ಚಲನಶಕ್ತಿಯನ್ನು ಅಳೆಯುವ ಹ್ಯಾಮರ್‌ಸ್ಮಿತ್ ಮಾಪನದ ವಿಸ್ತೃತ ರೂಪದಲ್ಲಿ 33 ಚಟುವಟಿಕೆಗಳಿವೆ. ಒಂದೊಂದಕ್ಕೂ 0, 1 ಅಥವಾ 2 ಅಂಕ; ಒಟ್ಟು 66. ಕುಳಿತಲ್ಲಿಯೇ, ತಲೆ ಬಾಗಿಸದೆ, ಕೈಯನ್ನು ತಲೆಗೆ ಮುಟ್ಟಿಸಿದರೆ 2; ತಲೆ ಬಾಗಿಸಿ ಮುಟ್ಟಿಸಿದರೆ 1; ಆಗದಿದ್ದರೆ ಸೊನ್ನೆ. ತಾನೇ ತಲೆ ಬಾಚಿಕೊಳ್ಳುವುದಕ್ಕೂ ಇನ್ನೊಬ್ಬರ ಕೈಗಾಗಿ ಕಾಯುವುದಕ್ಕೂ ಇರುವ ಅಂತರ ಆ ಒಂದೆರಡು ಅಂಕಗಳಲ್ಲಿ ಅಡಗಿರಬಹುದು.

ಈ ಮಾಪನವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2018ರಲ್ಲಿ ಪ್ರಕಟವಾದ ನುಸಿನರ್ಸೆನ್ ಔಷಧಿಯ ಪ್ರಯೋಗದಲ್ಲಿ 126 ಮಕ್ಕಳಿದ್ದರು. 15 ತಿಂಗಳ ಅನಂತರ ಔಷಧಿ ಪಡೆದ ಗುಂಪಿನ ಸರಾಸರಿ ಸುಮಾರು 4 ಅಂಕ ಏರಿತ್ತು. ಪಡೆಯದ ಗುಂಪಿನದು ಇಳಿದಿತ್ತು. 66ಕ್ಕೆ 4 ಅಂಕ ಯಾವ ಲೆಕ್ಕ ಎನ್ನುವವರು, ಇವರು ನಿಂತಿರುವುದು ಇಳಿಜಾರಿನಲ್ಲಿ ಎಂಬುದನ್ನು ಮರೆತಿದ್ದಾರೆ. ಇಲ್ಲಿ ಅಂಕ ಇದ್ದಲ್ಲಿಯೇ ಉಳಿಯುವುದೂ ಗಳಿಕೆಯೇ.

ನನ್ನ ಆಕ್ಷೇಪ ಇರುವುದು ಒಂದೇ ಅಳತೆಗೋಲಿನ ಹಟದ ಬಗ್ಗೆ. ಕುಳಿತುಕೊಳ್ಳಲಾಗದ ವಯಸ್ಕರು ಈ ಪರೀಕ್ಷೆಯಲ್ಲಿ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತಾರೆ. ಗಾಲಿಕುರ್ಚಿಯ ಗುಂಡಿಯನ್ನು ಒತ್ತಬಲ್ಲ ಬೆರಳಿನ ಬಲ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಕೈಗಳಿಗಾಗಿಯೇ ರೂಪಿಸಿದ 37 ಅಂಕಗಳ ಮಾಪನ ಬೇರೆ ಇದೆ. ಶಿಶುಗಳಿಗೆ 64 ಅಂಕಗಳ ಚಾಪ್ ಇಂಟೆಂಡ್ ಇದೆ. ಗಣಿತದ ಪ್ರಶ್ನೆಪತ್ರಿಕೆ ಕೊಟ್ಟು ಕನ್ನಡದ ಅಂಕ ಹಾಕುವುದು ನ್ಯಾಯವೇ?

ಇದು ಬರಿಯ ತಾತ್ತ್ವಿಕ ಪ್ರಶ್ನೆಯಲ್ಲ. ನುಸಿನರ್ಸೆನ್, ರಿಸ್ಡಿಪ್ಲಾಂ ಔಷಧಿಗಳನ್ನು ನಿರಂತರವಾಗಿ ಕೊಡುತ್ತಿರಬೇಕು, ವೆಚ್ಚ ಬಹಳ. ನಮ್ಮ ದೇಶದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ 2022ರಿಂದ ನೆರವಿನ ಮಿತಿ 50 ಲಕ್ಷ ರೂಪಾಯಿ. ಹಣಕ್ಕೆ ಮಿತಿ ಇರುವಲ್ಲಿ, ಔಷಧಿಯಿಂದ ಏನು ಪ್ರಯೋಜನವಾಯಿತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ತಪ್ಪು ಪರೀಕ್ಷೆಯ ಸೊನ್ನೆಯೊಂದು ಒಬ್ಬರ ಬದುಕಿನ ಮೇಲೆ ತೀರ್ಪಾಗಬಾರದು.

ನಿಮ್ಮಲ್ಲಿ ವೈದ್ಯರು, ಫಿಸಿಯೋಥೆರಪಿಸ್ಟರು ಇದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ: ಅಂಕ ಹಾಕುವ ಮೊದಲು, "ನಿಮಗೆ ಯಾವ ಕೆಲಸ ಉಳಿದರೆ ಸಾಕು ಎನ್ನಿಸುತ್ತದೆ?" ಎಂದು ಎದುರಿಗಿರುವವರನ್ನು ಕೇಳಿ. ಆ ಉತ್ತರವನ್ನೂ ಅಂಕಪಟ್ಟಿಯ ಪಕ್ಕದಲ್ಲಿ ಬರೆದಿಡಿ.