ಹಡಗಿನ ಕೋಣೆ ಯಾರಿಗಾಗಿ?

‘ಕ್ಯಾಬಿನ್‌ಗೆ ಯಾಕ್ರೀ ಅಷ್ಟೊಂದು ದುಡ್ಡು ಸುರೀತೀರಿ, ರಾತ್ರಿ ಮಲಗೋಕೆ ತಾನೇ?’ ಮುಂಬೈಯಿಂದ ಗೋವಾ, ಲಕ್ಷದ್ವೀಪಗಳತ್ತ ಹೋಗುವ ಹಡಗಿರಲಿ, ಸಿಂಗಪುರದಿಂದ ಹೊರಡುವ ದೊಡ್ಡ ಹಡಗಿರಲಿ, ಕ್ರೂಸ್‌ಗೆ ಹೊರಟ ಸಂಸಾರಕ್ಕೆ ಮೊದಲು ಸಿಗುವ ಸಲಹೆ ಇದೇ. ಹರೆಯದ ನಾಲ್ವರು ಗೆಳೆಯರಿಗಾದರೆ ಈ ಮಾತು ಸರಿ. ಅವರು ಬೆಳಗಿನ ಜಾವ ಬಂದು ಬಿದ್ದುಕೊಳ್ಳುತ್ತಾರೆ, ಎದ್ದವರೇ ತಿಂಡಿಗೆ ಓಡುತ್ತಾರೆ. ಒಂದೂವರೆ ವರ್ಷದ ಕೂಸನ್ನೂ ಮಂಡಿನೋವಿನ ಅಜ್ಜಿಯನ್ನೂ ಕಟ್ಟಿಕೊಂಡು ಹೊರಟವರಿಗೆ ಮಾತ್ರ ಇದು ತಪ್ಪು ಲೆಕ್ಕ. ಕೂಸು ಮಧ್ಯಾಹ್ನ ಮಲಗುತ್ತದೆ, ರಾತ್ರಿ ಎಂಟೂವರೆಗೆ ಮತ್ತೆ ಮಲಗುತ್ತದೆ. ಅಜ್ಜಿಗೆ ಊಟವಾದ ಮೇಲೆ ಕಾಲು ಚಾಚಬೇಕು. ಈಜುಕೊಳದಿಂದ ಬಂದ ದೊಡ್ಡ ಮಗನಿಗೆ ಬಟ್ಟೆ ಬದಲಿಸಬೇಕು. ಹೀಗೆ ಹಗಲಿನಲ್ಲೂ ಆ ಕೋಣೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಕೋಣೆಯನ್ನು ಆರಿಸಬೇಕಾದ್ದು ಅದರಲ್ಲಿ ಹೆಚ್ಚು ಹೊತ್ತು ಇರುವವರ ಅನುಕೂಲ ನೋಡಿ. ನಮ್ಮಲ್ಲಿ ಆರಿಸುವುದು ದುಡ್ಡು ಕೊಡುವವರ ಕಣ್ಣಿಗೆ ಚಂದ ಕಂಡದ್ದನ್ನು.

ಈ ಗೊಂದಲಕ್ಕೆ ದರಪಟ್ಟಿಯೂ ಕಾರಣ. ಕಿಟಕಿಯೇ ಇಲ್ಲದ ಒಳಕೋಣೆ ಎಲ್ಲಕ್ಕಿಂತ ಅಗ್ಗ; ಅದಕ್ಕಿಂತ ಮೇಲೆ ಕಿಟಕಿಯದು, ಅದರ ಮೇಲೆ ಬಾಲ್ಕನಿಯದು, ತುದಿಯಲ್ಲಿ ಸ್ವೀಟ್. ಡೆಕ್ ಏರಿದಂತೆಲ್ಲ ಬೆಲೆಯೂ ಏರುತ್ತದೆ. ಹೆಚ್ಚು ಕೊಟ್ಟರೆ ಹೆಚ್ಚು ಆರಾಮ ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಆ ಪಟ್ಟಿ ಮುಖ್ಯವಾಗಿ ಅಳೆಯುವುದು ನೋಟವನ್ನು. ಓಲಾಟದ ಲೆಕ್ಕವೇ ಬೇರೆ. ಅಲೆಗೆ ಹಡಗಿನ ಮೂತಿ ಏರಿ ಇಳಿಯುವಾಗ ಹೆಚ್ಚು ಕುಲುಕುವುದು ಎರಡು ತುದಿಗಳು. ಪಕ್ಕಕ್ಕೆ ವಾಲುವಾಗ ಹೆಚ್ಚು ತೂಗುವುದು ಮೇಲಿನ ಅಂತಸ್ತುಗಳು. ಶಿರಾಡಿ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಹಡಗಿನ ಪಕ್ಕೆಯಿಂದ ನೀರಿನೊಳಗೆ ಚಾಚಿಕೊಳ್ಳುವ ರೆಕ್ಕೆಗಳು ಪಕ್ಕದ ವಾಲಾಟವನ್ನು ಬಹಳಷ್ಟು ತಗ್ಗಿಸುತ್ತವೆ, ಆದರೆ ಮೂತಿ ಏರಿಳಿಯುವುದಕ್ಕೆ ಅವುಗಳಿಂದ ಹೆಚ್ಚೇನೂ ಆಗದು.

ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1912ರ ಟೈಟಾನಿಕ್‌ನಲ್ಲಿ ಮೊದಲ ದರ್ಜೆಯವರ ಕೋಣೆಗಳಿದ್ದದ್ದು ಹಡಗಿನ ನಡುಭಾಗದಲ್ಲಿ. ಮೂರನೇ ದರ್ಜೆಯವರಿಗೆ ಸಿಕ್ಕಿದ್ದು ಎರಡು ತುದಿ: ಒಂಟಿ ಗಂಡಸರು ಮುಂದೆ, ಸಂಸಾರಸ್ಥರೂ ಒಂಟಿ ಹೆಂಗಸರೂ ಹಿಂದೆ. ಈಗ ಅತಿ ಮೇಲಿನ ಡೆಕ್ಕಿನ ಮುಂತುದಿಯಲ್ಲೇ ದುಬಾರಿ ಕೋಣೆ ಇರುವ ಹಡಗುಗಳಿವೆ. ವಾಹನದಲ್ಲಿ ಕೂತರೆ ಸಾಕು ವಾಕರಿಸುವ ಮಗಳಿದ್ದರೆ, ಕೆಳಗಿನ ಡೆಕ್ಕಿನ ನಡುವಿನಲ್ಲಿರುವ ಅಗ್ಗದ ಕೋಣೆಯೇ ಅವಳಿಗೆ ಮೊದಲ ದರ್ಜೆ. ಡಿಸೆಂಬರ್, ಜನವರಿಯಲ್ಲಿ ಅರಬ್ಬಿ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಆಗ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಳೆಗಾಲದ ಮಾತು ಹಾಗಲ್ಲ.

ಸದ್ದಿನ ವಿಷಯ ಇನ್ನೂ ಸರಳ. ಹಡಗಿನ ಪ್ರತಿ ಅಂತಸ್ತಿನ ನಕ್ಷೆ ಬುಕ್ ಮಾಡುವ ಮೊದಲೇ ನೋಡಲು ಸಿಗುತ್ತದೆ. ನಿಮ್ಮ ಕೋಣೆಯ ನೆತ್ತಿಯ ಮೇಲೆ ಏನಿದೆ, ಕಾಲಡಿಯಲ್ಲಿ ಏನಿದೆ ಎಂದು ನೋಡಿದರೆ ಸಾಕು. ಮೇಲೆ ಈಜುಕೊಳವಿದ್ದರೆ ಬೆಳಗ್ಗೆ ಆರಕ್ಕೇ ಕುರ್ಚಿ ಎಳೆಯುವ ಸದ್ದು; ಕೆಳಗೆ ಡಿಸ್ಕೋ ಇದ್ದರೆ ನಡುರಾತ್ರಿ ದಾಟಿದರೂ ಡಬಡಬ. ಮೇಲೂ ಕೆಳಗೂ ಬರೀ ಕೋಣೆಗಳೇ ಇರುವ ಕೋಣೆಯನ್ನು ಹಿಡಿಯಿರಿ, ಉಳಿದದ್ದು ಆಮೇಲೆ.

ಬಾಲ್ಕನಿಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಹೆಚ್ಚಿನವರಿಗಿಂತ ಬೇರೆ. ಸೂರ್ಯಾಸ್ತ ನೋಡಲೆಂದು ಬಾಲ್ಕನಿ ಕೊಳ್ಳುವುದು ದಂಡ. ಸೂರ್ಯಾಸ್ತ ತೆರೆದ ಡೆಕ್ಕಿನಿಂದ ಇನ್ನೂ ಚೆನ್ನಾಗಿ ಕಾಣುತ್ತದೆ, ಅದೂ ಪುಕ್ಕಟೆ. ಬಾಲ್ಕನಿಯ ನಿಜವಾದ ಉಪಯೋಗ ಶುರುವಾಗುವುದು ಕೂಸು ಮಲಗಿದ ಮೇಲೆ. ಒಳಕೋಣೆಯಲ್ಲಿ ಆ ಹೊತ್ತು ಹೇಗಿರುತ್ತದೆ ನೋಡಿ. ದೀಪ ಆರಿಸಿದರೆ ಕೈಗೆ ಕೈ ಕಾಣದ ಕತ್ತಲೆ. ಮಗುವಿನ ನಿದ್ದೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಅಪ್ಪ ಅಮ್ಮ ಮಾತ್ರ ಮಂಚದ ತುದಿಯಲ್ಲಿ ಮೊಬೈಲ್ ಬೆಳಕನ್ನು ಸೆರಗಿನಲ್ಲಿ ಮರೆಮಾಡಿಕೊಂಡು, ಪಿಸುಮಾತಿನಲ್ಲೇ ‘ನೀನು ಹೋಗಿ ಊಟ ಮಾಡಿ ಬಾ, ಆಮೇಲೆ ನಾನು ಹೋಗ್ತೀನಿ’ ಎಂದು ಸರದಿ ಹಾಕಿಕೊಳ್ಳುತ್ತಾರೆ. ಬಾಲ್ಕನಿಯಿದ್ದರೆ ಗಾಜಿನ ಬಾಗಿಲು ಎಳೆದುಕೊಂಡು, ಪರದೆಯ ಸಂದಿಯಿಂದ ತೊಟ್ಟಿಲು ನೋಡಿಕೊಳ್ಳುತ್ತ ಇಬ್ಬರೂ ಹೊರಗೆ ಕೂತು ಸಹಜ ದನಿಯಲ್ಲಿ ಮಾತಾಡಬಹುದು. ಕೊಟ್ಟ ಹೆಚ್ಚಿನ ದುಡ್ಡು ವಸೂಲಾಗುವುದು ಅಲ್ಲಿ. ಅದೇ ಮಗು ಕುರ್ಚಿ ಹತ್ತುವ ವಯಸ್ಸಿನದಾದರೆ ಲೆಕ್ಕ ತಿರುಗಿಬೀಳುತ್ತದೆ. ಕಟಕಟೆಯ ಪಕ್ಕ ಒಂದು ಕುರ್ಚಿ ಬಿಟ್ಟರೂ ಅಪಾಯ. ರಜೆಯುದ್ದಕ್ಕೂ ಚಿಲಕ ಕಾಯುವ ಕೆಲಸ. ಆಗ ಕಿಟಕಿಯ ಕೋಣೆಯೇ ವಾಸಿ. ಆದರೆ ಆ ಕಿಟಕಿಯ ಹೊರಗೆ ಜೀವರಕ್ಷಕ ದೋಣಿ ತೂಗುಹಾಕಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕಡಲಿನ ಬದಲು ಕಿತ್ತಳೆ ಬಣ್ಣದ ಗೋಡೆ ನೋಡುತ್ತ ಕೂರಬೇಕಾದೀತು. ಅಂದಹಾಗೆ, ಮುಂಬೈಯಿಂದ ಓಡಾಡುತ್ತ ಬಂದಿರುವ ಕೊರ್ಡೀಲಿಯಾದ ಎಂಪ್ರೆಸ್ 1990ರ ಹಡಗು. ಕೋಣೆಗೊಂದು ಬಾಲ್ಕನಿ ಎಂಬ ರೂಢಿ ಇನ್ನೂ ಬಾರದ ಕಾಲದ್ದಾದ್ದರಿಂದ ಅದರಲ್ಲಿ ಬಾಲ್ಕನಿಗಳೇ ಕಡಿಮೆ.

ಹಡಗು ಕಟ್ಟುವವರಿಗೆ ಸಂಸಾರದ ಕಷ್ಟ ಅರ್ಥವಾಗಿಲ್ಲವೆಂದಲ್ಲ. 1998ರಲ್ಲಿ ಬಂದ ಡಿಸ್ನಿ ಮ್ಯಾಜಿಕ್‌ನ ಬಹುತೇಕ ಕೋಣೆಗಳಲ್ಲಿ ಸ್ನಾನಕ್ಕೊಂದು, ಶೌಚಕ್ಕೊಂದು ಬೇರೆ ಬೇರೆ ಬಾಗಿಲು ಇಟ್ಟರು. ಮಗು ಟಬ್‌ನಲ್ಲಿರುವಾಗ ಇನ್ನೊಬ್ಬರು ಬಾಗಿಲು ತಟ್ಟುತ್ತ ನಿಲ್ಲಬೇಕಿಲ್ಲ. ಇದನ್ನು ಯೋಚಿಸಿದವರು ಖಂಡಿತ ಮಕ್ಕಳನ್ನು ಸಾಕಿದವರೇ ಇರಬೇಕು. 2024ರಲ್ಲಿ ಮಯಾಮಿಯಿಂದ ಹೊರಟ ಐಕಾನ್ ಆಫ್ ದ ಸೀಸ್‌ನಲ್ಲಿ ಮೂರು ಅಂತಸ್ತಿನ ಮನೆಯಂಥ ಕೋಣೆ, ಅದರೊಳಗೇ ಜಾರುಬಂಡೆ. ನೋಡಿ ಬೆರಗಾಗಬಹುದು, ಅಷ್ಟೇ. ಆ ಎರಡನೇ ಬಾಗಿಲಿನ ಮುಂದೆ ಜಾರುಬಂಡೆ ನನಗೆ ಆಟಿಕೆಯಾಗಿಯೇ ಕಾಣುತ್ತದೆ.

ಇನ್ನು ಎಲ್ಲರೂ ಒಂದೇ ಕೋಣೆಯಲ್ಲಿ ಇರಬೇಕೇ ಎಂಬ ಪ್ರಶ್ನೆ. ಮೂರನೆಯ, ನಾಲ್ಕನೆಯ ಮಂದಿಗೆ ದರ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ಎಲ್ಲರನ್ನೂ ಒಂದರಲ್ಲೇ ತುಂಬುವ ಆಸೆ ಹುಟ್ಟುತ್ತದೆ. ರಾತ್ರಿಯಾದರೆ ಸೋಫಾ ಹಾಸಿಗೆಯಾಗುತ್ತದೆ, ಚಾವಣಿಯಿಂದ ಇನ್ನೊಂದು ಬರ್ತ್ ಇಳಿಯುತ್ತದೆ, ಸೂಟ್‌ಕೇಸಿಗೆ ಮಂಚದಡಿಯೇ ಗತಿ. ಬಚ್ಚಲು ಒಂದೇ. ನಾಲ್ವರಿಗಿಂತ ಹೆಚ್ಚಿದ್ದರೆ ಒಂದು ದುಬಾರಿ ಬಾಲ್ಕನಿ ಕೋಣೆಗಿಂತ, ನಡುವೆ ಬಾಗಿಲಿರುವ ಎರಡು ಒಳಕೋಣೆಗಳು ಮೇಲು. ಅಜ್ಜಿಗೆ ಅವಳ ಹೊತ್ತಿಗೆ ದೀಪ ಆರಿಸುವ ಸ್ವಾತಂತ್ರ್ಯ, ಎರಡು ಬಚ್ಚಲು, ಬೇಕಾದಾಗ ಬಾಗಿಲು ತೆರೆದರೆ ಒಂದೇ ಮನೆ. ಆ ಬಾಗಿಲಿನ ಆಚೆ ಅಪರಿಚಿತರಿದ್ದರೆ ಮಾತ್ರ ಅದೇ ಬಾಗಿಲು ಪೀಡೆ, ಅವರ ಮಾತೆಲ್ಲ ನಿಮ್ಮ ಕಿವಿಗೆ. ಅಜ್ಜಿಯ ಮಟ್ಟಿಗೆ ಇನ್ನೆರಡು ವಿಚಾರಿಸಬೇಕು: ಲಿಫ್ಟ್ ಎಷ್ಟು ದೂರ, ಮತ್ತು ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ. ನೀರು ಹೊರಗೆ ಹರಿಯದಿರಲೆಂದು ಅನೇಕ ಹಡಗುಗಳಲ್ಲಿ ಆ ಹೊಸ್ತಿಲನ್ನು ಎತ್ತರಿಸಿರುತ್ತಾರೆ, ರಾತ್ರಿ ನಿದ್ದೆಗಣ್ಣಿನಲ್ಲಿ ಎಡವುವುದು ಅಲ್ಲೇ.

ಕೋಣೆಯ ಸಂಖ್ಯೆಯನ್ನು ಕಂಪನಿಗೇ ಬಿಟ್ಟುಕೊಟ್ಟರೆ ದರ ಇಳಿಸುವ ಪದ್ಧತಿಯೂ ಇದೆ. ಗಂಡ ಹೆಂಡತಿ ಇಬ್ಬರೇ ಹೊರಟಿದ್ದರೆ ಧಾರಾಳವಾಗಿ ಒಪ್ಪಿಕೊಳ್ಳಿ. ಎರಡು ಕೋಣೆ ಬೇಕಾದ ಸಂಸಾರಕ್ಕೆ ಅದು ಹೊಂದುವುದಿಲ್ಲ. ಅಜ್ಜಿ ನಾಲ್ಕನೇ ಡೆಕ್ಕಿನಲ್ಲಿ, ಮೊಮ್ಮಗ ಒಂಬತ್ತನೆಯದರಲ್ಲಿ ಎಂದಾದೀತು. ನಡುಬಾಗಿಲಿನ ಜೋಡಿ ಕೋಣೆಗಳು ಹಡಗಿನಲ್ಲಿ ಇರುವುದೇ ಕೆಲವು, ಶಾಲೆಯ ರಜೆಯ ದಿನಗಳಲ್ಲಿ ಅವು ಮೊದಲು ಖಾಲಿಯಾಗುತ್ತವೆ. ದಸರೆಗೆ ಹೋಗುವವರು ಯುಗಾದಿಯ ಹೊತ್ತಿಗೇ ಏಜೆಂಟರಿಗೆ ಫೋನ್ ಮಾಡಿ, ನಕ್ಷೆ ಮುಂದಿಟ್ಟುಕೊಂಡು ಸಂಖ್ಯೆ ಹೇಳಿಯೇ ಕಾದಿರಿಸುವುದು ಒಳ್ಳೆಯದು.