ಹಲಗೆ ಇಳಿಸಿರಿ, ಬಾಗಿಲು ಕಾಯಿರಿ

ನಮ್ಮ ಕಡೆಯ ಹೋಟೆಲುಗಳಲ್ಲಿ, ಚಹದಂಗಡಿಗಳಲ್ಲಿ, ಕ್ಷೌರದಂಗಡಿಗಳಲ್ಲಿ ಒಂದು ಹಲಗೆ ತೂಗುಹಾಕುವ ರೂಢಿಯುಂಟು: “ಇಲ್ಲಿ ರಾಜಕೀಯ ಮಾತನಾಡಬಾರದು.” ಚುನಾವಣೆ ಹತ್ತಿರ ಬಂದರಂತೂ ಅದರ ಧೂಳು ಒರೆಸಿ ಗಲ್ಲಾಪೆಟ್ಟಿಗೆಯ ನೆತ್ತಿಯ ಮೇಲೆಯೇ ಮೊಳೆ ಹೊಡೆಯುತ್ತಾರೆ. ಅಂಗಡಿ ಅವನದು, ಗೋಡೆ ಅವನದು, ನಮಗೇಕೆ ಉಸಾಬರಿ ಎಂದು ನಾವೂ ಕಾಫಿ ಕುಡಿದು, ಬಾಯಿ ಒರೆಸಿಕೊಂಡು ಎದ್ದು ಬರುತ್ತೇವೆ. ಈ ಹಲಗೆಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಲೆಕ್ಕವನ್ನು ಇಂದು ಮಾಡಿಯೇಬಿಡೋಣ.

ಅಂಗಡಿಕಾರ ಬಂಧುಗಳ ಕಷ್ಟವನ್ನು ನಾವು ಅರಿಯದವರಲ್ಲ. ಬೈಟು ಕಾಫಿ ತರಿಸಿ ಎರಡು ತಾಸು ಬೆಂಚು ಬಿಡದವನೊಬ್ಬ. ಎದುರಿನವನ ಮಾತು ಮುಗಿಯುವ ಮೊದಲೇ ಅವನ ತಾಯಿ ತಂಗಿಯರನ್ನು ಬೀದಿಗೆ ಎಳೆಯುವವನೊಬ್ಬ. ವಾದದಲ್ಲಿ ಸೋತಾಗ ಜಾತಿ ಎತ್ತುವವನು ಮತ್ತೊಬ್ಬ. ಇಂಥವನು ದಿನವೂ ಬಂದು ಕೂತರೆ ಸಂಸಾರಸ್ಥರು ಆ ಹೋಟೆಲಿನ ಮೆಟ್ಟಿಲು ಹತ್ತುವುದಿಲ್ಲ. ಗ್ಲಾಸು ಒಡೆದರೆ ನಷ್ಟ ಮಾಲೀಕನದು. ಪೊಲೀಸರು ಬಂದರೆ ಮೊದಲು ಉತ್ತರ ಹೇಳಬೇಕಾದವನೂ ಅವನೇ. ಸಾಲ ತಂದು ಒಲೆ ಹಚ್ಚಿದ ಚಿಕ್ಕ ವ್ಯಾಪಾರಿ ಶಾಂತಿ ಬಯಸಿದರೆ ಅದನ್ನು ಹೇಡಿತನವೆಂದು ಹಳಿಯುವುದು ಅನ್ಯಾಯ.

ಆದರೆ ರೋಗ ಯಾವುದು, ಔಷಧ ಯಾವುದು? ಅಂಗಡಿಯನ್ನು ಕೆಡಿಸಿದ್ದು ಬೈಗುಳ. ಹಲಗೆ ನಿಷೇಧಿಸಿದ್ದು ರಾಜಕೀಯವನ್ನು! ಬೈಯುವವನು ಹಲಗೆ ಓದಿ ಸುಮ್ಮನಾಗುವ ಜಾಯಮಾನದವನಲ್ಲ. ಅವನು ಕ್ರಿಕೆಟ್ಟಿನ ಮೇಲೂ ಬೈಯುತ್ತಾನೆ, ಸಿನಿಮಾದ ಮೇಲೂ ಬೈಯುತ್ತಾನೆ, ಸಕ್ಕರೆ ಕಡಿಮೆಯಾಯಿತೆಂದೂ ಬೈಯುತ್ತಾನೆ. ಹಲಗೆ ಓದಿ ಬಾಯಿ ಮುಚ್ಚಿಕೊಳ್ಳುವವನು ಮರ್ಯಾದಸ್ಥ. ರಾತ್ರಿಪಾಳಿ ಮುಗಿಸಿ ಬಂದು, ಧಣಿಗಳು ಪ್ರಾವಿಡೆಂಟ್ ಫಂಡು ಕಟ್ಟಿದ್ದಾರೋ ಇಲ್ಲವೋ ಎಂದು ಜೊತೆಯವನನ್ನು ಕೇಳಬೇಕೆಂದಿದ್ದ ಗಿರಣಿ ಕೆಲಸಗಾರ ಕೇಳದೆಯೇ ಹೋಗುತ್ತಾನೆ. ಪುರಸಭೆಯ ಮಳಿಗೆ ಬಾಡಿಗೆ ಏಕೆ ಏರಿತೆಂದು ನಾಲ್ಕು ಜನರ ಮುಂದೆ ಕೇಳಬೇಕೆಂದಿದ್ದ ಬಳೆ ಅಂಗಡಿಯವನು ಮಾತು ನುಂಗಿಕೊಳ್ಳುತ್ತಾನೆ. ಕೂಲಿ, ಬೋನಸ್ಸು, ರೇಷನ್ನು, ನಲ್ಲಿ ನೀರು, ಜಿ.ಎಸ್.ಟಿ. ಇವೆಲ್ಲ ರಾಜಕೀಯವಲ್ಲದೆ ಮತ್ತೇನು? ಕೊನೆಗೆ ಬೆಂಚಿನ ಮೇಲೆ ಉಳಿಯುವುದು ಮಳೆ ಬಿಸಿಲಿನ ಮಾತು, ಮತ್ತು ಯಾವುದನ್ನು ಓಡಿಸಲೆಂದು ಹಲಗೆ ತೂಗುಹಾಕಿದ್ದರೋ ಅದೇ ಬೈಗುಳ.

ಈ ಹಲಗೆ ಎಲ್ಲಿ ಇರುವುದಿಲ್ಲ ಎಂಬುದನ್ನೂ ನೋಡಿರಿ. ಸದಸ್ಯರಿಗೆ ಮಾತ್ರ ಬಾಗಿಲು ತೆರೆಯುವ ದೊಡ್ಡವರ ಕ್ಲಬ್ಬುಗಳಲ್ಲಿ ಇದು ಇರುವುದಿಲ್ಲ. ಟೆಂಡರು ಯಾರಿಗೆ, ಟಿಕೆಟ್ಟು ಯಾರಿಗೆ, ಯಾವ ಅಧಿಕಾರಿಯನ್ನು ಎಲ್ಲಿಗೆ ಎತ್ತಿಹಾಕಬೇಕು ಎಂಬುದು ಅಲ್ಲಿ ಇಸ್ಪೀಟು ಕಲಸುತ್ತಲೇ ತೀರ್ಮಾನವಾಗಬಹುದು. ಅದನ್ನು ರಾಜಕೀಯವೆಂದು ಯಾರೂ ಕರೆಯುವುದಿಲ್ಲ. ಮಾತನಾಡಲು ಕ್ಲಬ್ಬಿಲ್ಲದವನು, ಸಭಾಭವನದ ಬಾಡಿಗೆ ಕೊಡಲಾರದವನು ಕೂರುವ ಬೆಂಚಿನ ಮೇಲೆ ಮಾತ್ರ ನಿಷೇಧದ ಹಲಗೆ!

ಇದು ಹೊಸ ಜಗಳವೇನಲ್ಲ. ಕಾಫಿಯ ಬೆಂಚಿಗೂ ಸಿಂಹಾಸನಕ್ಕೂ ಮೂರೂವರೆ ಶತಮಾನದ ವೈರವಿದೆ. ಲಂಡನ್ ಪಟ್ಟಣದಲ್ಲಿ ಮೊದಲ ಕಾಫಿ ಅಂಗಡಿ ತೆರೆದದ್ದು 1652ರಲ್ಲಿ. ಒಂದು ಪೆನ್ನಿ ಕೊಟ್ಟವನು ಒಳಗೆ ಕೂರಬಹುದು, ಕುಡಿಯಬಹುದು, ಸುದ್ದಿ ಕೇಳಬಹುದು, ವಾದಿಸಬಹುದು. ಅಲ್ಲಿಯೂ ಬಾಯಿಬಡುಕರಿದ್ದರು, ಜಗಳಗಂಟರಿದ್ದರು. ಅವರನ್ನು ನಿಭಾಯಿಸುವುದು ಹೇಗೆಂದು 1674ರಲ್ಲಿ ಪದ್ಯರೂಪದ ನಿಯಮಗಳ ಹಾಳೆಯೊಂದು ಅಚ್ಚಾಯಿತು. ಅದರ ನಿಯಮಗಳನ್ನು ಕೇಳಿರಿ. ಕುಲೀನನಾಗಲಿ ವ್ಯಾಪಾರಿಯಾಗಲಿ ಖಾಲಿ ಇರುವ ಜಾಗದಲ್ಲಿ ಕೂರತಕ್ಕದ್ದು; ದೊಡ್ಡ ಮನುಷ್ಯ ಬಂದನೆಂದು ಯಾರೂ ಎದ್ದು ಜಾಗ ಬಿಡಬೇಕಾಗಿಲ್ಲ. ಆಣೆ ಹಾಕಿ ಹೊಲಸು ಮಾತನಾಡಿದವನು ಹನ್ನೆರಡು ಪೆನ್ನಿ ದಂಡ ತೆರತಕ್ಕದ್ದು, ಎಂದರೆ ಹನ್ನೆರಡು ಕಪ್ಪು ಕಾಫಿಯ ಹಣ. ಜಗಳ ತೆಗೆದವನು ಅಲ್ಲಿರುವ ಪ್ರತಿಯೊಬ್ಬನಿಗೂ ಒಂದೊಂದು ಕಪ್ಪು ಕಾಫಿ ಕುಡಿಸಿ ತಪ್ಪು ತೀರಿಸತಕ್ಕದ್ದು. ಎಂಥ ವ್ಯಾವಹಾರಿಕ ಬುದ್ಧಿ! ಜಗಳಗಂಟನಿಂದ ಅಂಗಡಿಗೆ ನಷ್ಟವಾಗುವ ಬದಲು ಲಾಭವೇ ಆಯಿತು.

ಅದೇ ಹಾಳೆಯಲ್ಲಿ ಇನ್ನೊಂದು ನಿಯಮವೂ ಸೇರಿತ್ತು: ರಾಜ್ಯದ ವಿಚಾರಗಳನ್ನು ಉದ್ಧಟ ನಾಲಗೆಯಿಂದ ಆಡಬಾರದು. ಅಂದರೆ ನಮ್ಮ ಹಲಗೆಯ ಮುತ್ತಜ್ಜ. ಇದರಿಂದ ಅಂಗಡಿಗಳು ಉಳಿದವೆ? ಮರುವರ್ಷ, 1675ರ ಡಿಸೆಂಬರ್ 29ರಂದು, ಎರಡನೆಯ ಚಾರ್ಲ್ಸ್ ದೊರೆ ಕಾಫಿ ಅಂಗಡಿಗಳನ್ನೆಲ್ಲ ಮುಚ್ಚಬೇಕೆಂದು ಘೋಷಣೆ ಹೊರಡಿಸಿದ. ಸೋಮಾರಿಗಳು ಅಲ್ಲಿ ಕೂತು ಸರ್ಕಾರದ ಮೇಲೆ ಅಪಪ್ರಚಾರ ಮಾಡುತ್ತಾರೆಂಬುದು ಅವನ ದೂರು. 1676ರ ಜನವರಿ 10ರಿಂದ ಅದು ಜಾರಿಗೆ ಬರಬೇಕಾಗಿತ್ತು. ಜನ ಗುಲ್ಲೆಬ್ಬಿಸಿದರು, ಅಂಗಡಿಕಾರರು ಒಟ್ಟಾಗಿ ಅಹವಾಲು ಒಯ್ದರು. ಜಾರಿಗೆ ಎರಡು ದಿನ ಇರುವಾಗಲೇ ದೊರೆ ಘೋಷಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ವ್ಯಾಪಾರಿ ಬಂಧುಗಳು ಇದನ್ನು ಗಂಟುಹಾಕಿಕೊಳ್ಳಬೇಕು: ತಲೆತಗ್ಗಿಸಿ ಬರೆದ ನಿಯಮ ಆ ಅಂಗಡಿಗಳನ್ನು ಕಾಪಾಡಲಿಲ್ಲ, ಬೆಂಚಿನ ಮೇಲೆ ಕೂರುತ್ತಿದ್ದವರ ಗುಲ್ಲು ಕಾಪಾಡಿತು.

ನಮ್ಮ ದೇಶದ ಉದಾಹರಣೆಯೂ ಇದೆ. ಕಾಫಿ ಬೋರ್ಡು ತನ್ನ ಕಾಫಿಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಬೀದಿಗೆ ಹಾಕಿದಾಗ, ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಆ ಕೆಲಸಗಾರರೇ ಸಹಕಾರ ಸಂಘ ಕಟ್ಟಿದರು. ಬೆಂಗಳೂರಿನ ಸಂಘ ಹುಟ್ಟಿದ್ದು 1957ರ ಆಗಸ್ಟಿನಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಇಂಡಿಯನ್ ಕಾಫಿಹೌಸ್ ಬಾಗಿಲು ತೆರೆಯಿತು. ಬರಹಗಾರರು, ಯೂನಿಯನ್ನಿನವರು, ವಿದ್ಯಾರ್ಥಿಗಳು, ಎಲ್ಲ ಪಕ್ಷದವರು ಅಲ್ಲಿ ಕೂತು ಕೂಗಾಡಿದರು. ತುರ್ತುಪರಿಸ್ಥಿತಿಯ ದಿನಗಳಲ್ಲಿ, 1976ರಲ್ಲಿ, ಕನಾಟ್ ಪ್ಲೇಸಿನ ಆ ಕಾಫಿಹೌಸನ್ನು ಕೆಡವಿ ನೆಲಸಮ ಮಾಡಿದರು. ಅಧಿಕಾರಕ್ಕೆ ಹೆದರಿಕೆಯಿರುವುದು ಬೈಗುಳದ್ದಲ್ಲ. ಬೈದಾಡಿಕೊಳ್ಳುವ ಜನ ಎಂದೂ ಒಂದಾಗುವುದಿಲ್ಲವೆಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಅದರ ಹೆದರಿಕೆಯೆಲ್ಲ ನೆಟ್ಟಗೆ ಕೂತು ಲೆಕ್ಕ ಕೇಳುವವನದು.

ಹಾಗಾದರೆ ಬಂದವನು ಬಾಯಿಗೆ ಬಂದಂತೆ ಆಡಲಿ ಎಂದು ನಾವು ಹೇಳುತ್ತಿದ್ದೇವೆಯೆ? ಎಂದಿಗೂ ಇಲ್ಲ. ಈಗ ಇನ್ನೊಂದು ಪಂಥದವರ ಕಡೆಗೆ ತಿರುಗೋಣ. ಎದ್ದು ಹೋಗಪ್ಪಾ ಎಂದೊಡನೆ ಇವರು ಸಂವಿಧಾನದ 19ನೆಯ ವಿಧಿಯನ್ನು ಜೇಬಿನಿಂದ ತೆಗೆಯುತ್ತಾರೆ. “ವಾಕ್‌ಸ್ವಾತಂತ್ರ್ಯ ನನ್ನ ಹಕ್ಕು, ಕೇಳು ಬಿಡು ನಿನ್ನ ಕರ್ಮ” ಎನ್ನುತ್ತಾರೆ. ಸ್ವಾಮಿ, ಆ ವಿಧಿ ಕಟ್ಟಿಹಾಕಿರುವುದು ಸರ್ಕಾರದ ಕೈಯನ್ನು. ನೀವು ಆಡಿದ ಮಾತಿಗೆ ಸರ್ಕಾರ ನಿಮ್ಮನ್ನು ಸೆರೆಗೆ ತಳ್ಳಿದರೆ ನಿಮ್ಮ ಪರವಾಗಿ ನಾವೂ ಬೀದಿಗೆ ಇಳಿಯುತ್ತೇವೆ. ಆದರೆ ಪಕ್ಕದವನ ಹೆಂಡತಿಯನ್ನು ಹೀನಾಯವಾಗಿ ಆಡಿಕೊಂಡ ನಿಮಗೆ ಚಹದಂಗಡಿಯವನು ಲೋಟ ಕೊಡದಿದ್ದರೆ ನಿಮ್ಮ ಸ್ವಾತಂತ್ರ್ಯಕ್ಕೆ ಯಾವ ಕುಂದೂ ಬರಲಿಲ್ಲ. ರಸ್ತೆ ಇದೆ, ಮೈದಾನ ಇದೆ, ನಿಮ್ಮದೇ ಜಗಲಿ ಇದೆ. ಮಾತನಾಡುವ ಹಕ್ಕು ನಿಮ್ಮದು. ಇನ್ನೊಬ್ಬನ ಒಲೆಯ ಮುಂದೆ, ಇನ್ನೊಬ್ಬನ ಬೆಂಚಿನ ಮೇಲೆ, ಬಲವಂತದ ಸಭಿಕರನ್ನು ಕೂಡಿಹಾಕಿಕೊಳ್ಳುವ ಹಕ್ಕು ಯಾರದೂ ಅಲ್ಲ. ಒಬ್ಬನ ಬಾಯಿಗೆ ಹೆದರಿ ಹತ್ತು ಮಂದಿ ಮೂಕರಾದರೆ ಅಲ್ಲಿ ಸ್ವಾತಂತ್ರ್ಯ ಹೆಚ್ಚಿತೋ ಕಡಿಮೆಯಾಯಿತೋ?

ಹಾಗೆಂದು ಬಾಗಿಲು ಕಾಯುವ ಮಾಲೀಕನಿಗೂ ಮಿತಿಯಿದೆ. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ ಹೇಳಿದೆ: ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾರನ್ನೂ ತಡೆಯಕೂಡದು. ಎರಡು ಲೋಟದ ಪದ್ಧತಿಯವರು ಇದನ್ನು ಎರಡು ಸಲ ಓದಲಿ. ನಡತೆ ನೋಡಿ ಹೊರಗೆ ಕಳಿಸಬಹುದು; ಹುಟ್ಟು ನೋಡಿ ಕಳಿಸಿದರೆ ಮಾಲೀಕನೇ ಅಪರಾಧಿ. ಜಾತಿಯ ಹೆಸರೆತ್ತಿ ಹೀಯಾಳಿಸುವುದನ್ನು ಬರಿಯ ಬಾಯಿಚಪಲವೆಂದು ನಕ್ಕು ಬಿಡುವಂತೆಯೂ ಇಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆಗೆ 1989ರಲ್ಲಿ ಮಾಡಿದ ಕಾಯಿದೆಯ ಪ್ರಕಾರ, ಅವರನ್ನು ನಾಲ್ಕು ಜನರ ಕಣ್ಣೆದುರಿಗೆ ಜಾತಿ ಹಿಡಿದು ಬೈದರೆ ಅದು ಶಿಕ್ಷಾರ್ಹ.

ಬೈಗುಳ ಯಾವುದು, ಕಟುಟೀಕೆ ಯಾವುದು? ತೊಡಕು ಇಲ್ಲಿಯೇ. ಕಿವಿಗೆ ಕಹಿಯಾದುದೆಲ್ಲ ಬೈಗುಳವೆಂದರೆ ಸತ್ಯಕ್ಕೆ ಜಾಗವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ 66ಎ ಎಂಬ ಕಲಮನ್ನು ಸೇರಿಸಿ, ಕಿರಿಕಿರಿಯಾಗುವ ಸಂದೇಶ ಕಳಿಸಿದವರಿಗೂ ಮೂರು ವರ್ಷದವರೆಗೆ ಸಜೆ ವಿಧಿಸಬಹುದೆಂದರು. 2012ರ ನವೆಂಬರಿನಲ್ಲಿ, ಮಹಾರಾಷ್ಟ್ರದ ಪಾಲಘರದಲ್ಲಿ, ನಾಯಕರೊಬ್ಬರು ತೀರಿಕೊಂಡಾಗ ಆದ ಬಂದನ್ನು ಪ್ರಶ್ನಿಸಿ ಬರೆದ ಯುವತಿಯನ್ನೂ ಅದನ್ನು ಮೆಚ್ಚಿದ ಗೆಳತಿಯನ್ನೂ ಪೊಲೀಸರು ಹಿಡಿದರು. 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯ ಆ ಕಲಮನ್ನೇ ರದ್ದುಮಾಡಿತು. ಕಿರಿಕಿರಿ ಎಂಬುದಕ್ಕೆ ಅಳತೆಗೋಲಿಲ್ಲ. ಒಬ್ಬನಿಗೆ ಕಿರಿಕಿರಿಯಾದುದು ಇನ್ನೊಬ್ಬನಿಗೆ ಆಗದು ಎಂಬುದು ತೀರ್ಪಿನ ತಿರುಳು. ಕಾಯಿದೆಗೆ ಹೇಳಿದ ಈ ಬುದ್ಧಿ ಗಲ್ಲಾದ ಹಿಂದೆ ಕೂತವನಿಗೂ ಸಲ್ಲುತ್ತದೆ. “ನೀನು ಹೇಳಿದ ಲೆಕ್ಕ ಸುಳ್ಳು, ನಿನ್ನ ನಾಯಕ ಮೋಸಗಾರ, ಪುರಾವೆ ಇಲ್ಲಿದೆ” ಎಂಬುದು ಟೀಕೆ. ಎಷ್ಟೇ ಗಟ್ಟಿಯಾಗಿ ಹೇಳಿದರೂ ಅದಕ್ಕೆ ಬೆಂಚಿನ ಮೇಲೆ ಜಾಗವಿರಬೇಕು. “ನಿನ್ನ ಹುಟ್ಟೇ ಅಂಥದು” ಎಂಬುದು ಬೈಗುಳ. ಮೊದಲನೆಯದಕ್ಕೆ ಉತ್ತರ ಕೊಡಬಹುದು. ಎರಡನೆಯದಕ್ಕೆ ಕೈಯೆತ್ತುವುದೊಂದೇ ಉಳಿಯುತ್ತದೆ.

ಆದುದರಿಂದ ಅಂಗಡಿಕಾರರಿಗೆ ನಮ್ಮ ಸಲಹೆ ಹೀಗಿದೆ. ನಿಯಮವನ್ನು ಮೊದಲೇ ಗೋಡೆಯ ಮೇಲೆ ಬರೆಯಿರಿ. ಜಗಳವಾದ ಮೇಲೆ ಹುಟ್ಟಿಸಿದ ನಿಯಮ ಸೇಡಿನಂತೆ ಕಾಣುತ್ತದೆ. ಬೈಗುಳಕ್ಕೆ ಬೈಗುಳ ಹಿಂತಿರುಗಿಸಬೇಡಿರಿ. ಅವನು ಬಂದಿರುವುದೇ ಅದಕ್ಕೆ. “ಅಣ್ಣಾ, ನಿನ್ನ ಪ್ರಶ್ನೆ ಇರಲಿ, ಆ ಮಾತು ಬೇಡ” ಎಂದು ಒಮ್ಮೆ ಮೆಲ್ಲಗೆ ಹೇಳಿರಿ. ಕೇಳದಿದ್ದರೆ ಹಣ ತೆಗೆದುಕೊಳ್ಳದೆ ಬಾಗಿಲು ತೋರಿಸಿರಿ. ನಾಳೆ ನೆಟ್ಟಗೆ ಬಂದರೆ ಅವನಿಗೂ ಕಾಫಿ ಕೊಡಿರಿ. ಹರಿದ ಅಂಗಿಯವನಿಗೊಂದು, ಕಾರಿನಲ್ಲಿ ಬಂದವನಿಗೊಂದು ನಿಯಮ ಬೇಡ. ಪುರಸಭೆಯ ಸದಸ್ಯ ಹೊಲಸು ಮಾತನಾಡಿದರೂ ಅದೇ ಬಾಗಿಲು. ಇನ್ನು ನಿಮ್ಮ ಪ್ರಾಮಾಣಿಕತೆಗೆ ಒರೆಗಲ್ಲು ಬೇಕೆ? ನಿಮ್ಮ ಕಾಫಿ ನೀರಾಗಿದೆ, ಲೋಟ ತೊಳೆಯುವವನಿಗೆ ನೀವು ಕೊಡುವ ಕೂಲಿ ಸಾಲದು ಎಂದು ನಿಮ್ಮೆದುರಿಗೇ ಹೇಳುವ ಗಿರಾಕಿಯನ್ನು ಕೂರಗೊಡಿಸುತ್ತೀರೋ, ಅವನಿಗೂ ಬಾಗಿಲು ತೋರಿಸುತ್ತೀರೋ?

ಗಿರಣಿಯ ಗೆಳೆಯರಿಗೂ ಒಂದು ಮಾತು. ಬಾಗಿಲು ಕಾಯುವ ಕೆಲಸ ಮಾಲೀಕನೊಬ್ಬನದೇ ಎಂದು ಕೈಕಟ್ಟಿ ಕೂರಬೇಡಿರಿ. ಎದುರು ಪಕ್ಷದವನು ಬೈದಾಗ ತಡೆಯುವುದು ಸುಲಭ; ನಮ್ಮವನೇ ಬೈದಾಗ ಅವನ ರಟ್ಟೆ ಹಿಡಿದು ಕೂರಿಸುವುದು ಕಷ್ಟ, ಆದರೆ ಅದೇ ನಿಜವಾದ ಶಿಸ್ತು. ನಮ್ಮವನ ಒಂದು ಹೊಲಸು ಮಾತು ನಮ್ಮ ಹತ್ತು ನ್ಯಾಯವಾದ ಬೇಡಿಕೆಗಳನ್ನು ಮುಳುಗಿಸುತ್ತದೆ. ಅದಕ್ಕಾಗಿಯೇ ಕಾದು ಕೂತವರಿದ್ದಾರೆ: “ನೋಡಿದಿರಾ, ಇವರೊಡನೆ ಮಾತೇ ಸಾಧ್ಯವಿಲ್ಲ” ಎಂದು ಹಲಗೆಗೆ ಇನ್ನೊಂದು ಮೊಳೆ ಹೊಡೆಯುತ್ತಾರೆ.

ಬೆಂಚು ಉಳಿದರೆ ಮಾತು ಉಳಿಯುತ್ತದೆ. ಮಾತು ಉಳಿದರೆ ಕೂಲಿಯ ಲೆಕ್ಕವನ್ನೂ ಬಾಡಿಗೆಯ ಲೆಕ್ಕವನ್ನೂ ಜೊತೆಗೆ ಕೂತು ಕೇಳುವ ದಾರಿ ಉಳಿಯುತ್ತದೆ. ವ್ಯಾಪಾರಿಗಳೇ, ಹಳೆಯ ಹಲಗೆಯನ್ನು ಇಂದೇ ಇಳಿಸಿರಿ. ಅದೇ ಮೊಳೆಗೆ ಹೊಸದೊಂದನ್ನು ತೂಗುಹಾಕಿರಿ: “ಇಲ್ಲಿ ಏನನ್ನಾದರೂ ಮಾತನಾಡಿರಿ, ಯಾರನ್ನೂ ಹೀನಾಯ ಮಾಡಬೇಡಿರಿ.”