ಅನುವಾದ ಮಾಡಿ, ಆದ್ರೆ ಕನ್ನಡದಲ್ಲಿ ಮಾಡಿ

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಕೆಲ ವರ್ಷಗಳ ನಂತರ ಗೂಗಲ್ ತನ್ನ ಅನುವಾದ ಟೂಲ್‌ಕಿಟ್ ಮೂಲಕ ಇಂಗ್ಲಿಷ್ ಲೇಖನಗಳನ್ನ ರಾಶಿ ರಾಶಿ ಕನ್ನಡಕ್ಕೆ ತರಿಸಿತು. ಪುಟಗಳೇನೋ ಹೆಚ್ಚಿದವು, ವಾಕ್ಯಗಳು ಮಾತ್ರ ಇಂಗ್ಲಿಷ್ ಜಾಡಲ್ಲೇ ಉಳಿದವು. ಇವತ್ತು ವಿಕಿಪೀಡಿಯದಲ್ಲೇ ಅನುವಾದದ ಟೂಲ್ ಇದೆ. ಯಂತ್ರ ಕೊಟ್ಟಿದ್ದನ್ನ ಹಾಗೇ ಒತ್ತಿಬಿಟ್ರೆ ಮತ್ತದೇ ಕಥೆ.

ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವ ತಮ್ಮ ಸೀಮೆಯ ಆಡುಮಾತಲ್ಲೇ ‘ಕುಸುಮಬಾಲೆ’ ಬರೆದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಶ್ವಕೋಶವನ್ನ ಆಡುಮಾತಲ್ಲಿ ಬರೆಯಬೇಕಿಲ್ಲ, ನಿಜ. ಆದ್ರೆ ಕನ್ನಡದ ಕಿವಿಯಂತೂ ಬೇಕೇ ಬೇಕು.

ಟ್ರಾನ್ಸಿಸ್ಟರ್ ಬಗ್ಗೆ ಅನುವಾದಿಸ್ತೀರಾ? ಒಂದು ಪ್ಯಾರಾ ಓದಿ, ಮೂಲ ಮುಚ್ಚಿಡಿ, ಜೂನಿಯರ್‌ಗೆ ವಿವರಿಸೋ ಹಾಗೆ ಬರೀರಿ. ಆಮೇಲೆ ಮೂಲದ ಜೊತೆ ತಾಳೆ ನೋಡಿ. ಅರ್ಥವಾಗದ ಹತ್ತು ಲೇಖನಕ್ಕಿಂತ ಅಂಥದ್ದೊಂದು ಮೇಲು.